ಎಎಸ್/400 ಬರೆಯುವ ಓಲೆಗಳು: ಯುನಿಕ್ಸ್‌ನಿಂದ ಬಂದ ಪ್ರೋಗ್ರಾಮರ್‌ಗೆ ಐಬಿಎಂ ಐ ಸಂದೇಶಗಳ ಸಮಗ್ರ ಮಾರ್ಗದರ್ಶಿ

ಯುನಿಕ್ಸ್ ಬಿಟ್ಟು ಎಎಸ್/400 ಎಂಬ ಐಬಿಎಂ ಯಂತ್ರದ ಮುಂದೆ ಕುಳಿತ ಎರಡನೆಯ ವಾರವೇ ನನಗೆ ರಾತ್ರಿ ಪಾಳಿ ಬಂತು. ಕಚೇರಿ ಬೆಂಗಳೂರಿನಲ್ಲಿ, ಯಂತ್ರ ಕಡಲಾಚೆ. ರಾತ್ರಿ ಹತ್ತಕ್ಕೆ ಒಂದು ಬ್ಯಾಚ್ ಜಾಬ್, ಅಂದರೆ ಪರದೆಯ ಮುಂದೆ ಯಾರೂ ಕೂರದೆ ತಾನಾಗಿ ಓಡುವ ಕೆಲಸ, ಹಚ್ಚಿದೆ. ಅರ್ಧ ಗಂಟೆಗೊಮ್ಮೆ ಇಣುಕಿದಾಗಲೆಲ್ಲ ಜಾಬ್ ಪಟ್ಟಿಯಲ್ಲಿ ಕಾಣಿಸುತ್ತಿತ್ತು. ಸತ್ತಿಲ್ಲ, ಹಾಗಾದರೆ ಓಡುತ್ತಿದೆ ಎಂದುಕೊಂಡು ಕಾಫಿ ಕುಡಿದೆ. ಬೆಳಗಿನ ಜಾವ ಬಂದ ಹಿರಿಯ ಸಹೋದ್ಯೋಗಿ ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿ, "ಸ್ಟೇಟಸ್ ಅಂಕಣ ನೋಡಿದಿರಾ?" ಎಂದರು. ಅಲ್ಲಿ ಎಂಎಸ್‌ಜಿಡಬ್ಲ್ಯು ಎಂದಿತ್ತು. ಮೆಸೇಜ್ ವೇಟ್ ಎಂಬುದರ ಸಂಕ್ಷೇಪ. ಜಾಬ್‌ನ ಸಾಲಿನ ಎದುರು 7 ಬರೆದು ಎಂಟರ್ ಒತ್ತಿದರು. ಸಿಪಿಎ5305: ರೆಕಾರ್ಡ್ ಸೇರಿಸಲಾಗಲಿಲ್ಲ, ಮೆಂಬರ್ (ಫೈಲಿನೊಳಗೆ ರೆಕಾರ್ಡುಗಳು ಕೂರುವ ಭಾಗ) ತುಂಬಿದೆ. ಸಾಲಿನ ಕೊನೆಗೆ ಆವರಣದೊಳಗೆ ಮೂರು ಉತ್ತರಗಳು: ಸಿ, ಐ, 9999.

ಆದದ್ದಿಷ್ಟು. ಆ ಫೈಲನ್ನು ಯಾರೋ ಗಾತ್ರ ಹೇಳದೆ ಸೃಷ್ಟಿಸಿದ್ದರು. ಹಾಗೆ ಮಾಡಿದರೆ ಯಂತ್ರ ತಾನಾಗಿ 10,000 ರೆಕಾರ್ಡುಗಳ ಜಾಗ ಕೊಡುತ್ತದೆ. ಅದು ತುಂಬಿದರೆ 1,000ದಂತೆ ಮೂರು ಸಲ ಹಿಗ್ಗಿಸುತ್ತದೆ. 13,001ನೆಯ ರೆಕಾರ್ಡ್ ಬಂದಾಗ, ಮುಂದೇನು ಮಾಡಲಿ ಎಂದು ಕೇಳುತ್ತದೆ. ನನ್ನ ಜಾಬ್ ಸತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಪ್ರಶ್ನೆ ಕೇಳಿ, ಉತ್ತರಕ್ಕಾಗಿ ರಾತ್ರಿಯಿಡೀ ಬಾಗಿಲಲ್ಲಿ ನಿಂತಿತ್ತು. ಅವರು ಐ, ಅಂದರೆ ಜಾಗ ಹಿಗ್ಗಿಸಿ ಮುಂದುವರಿ, ಎಂದು ಉತ್ತರ ಕೊಟ್ಟರು. ಜಾಬ್ ನಿಂತಲ್ಲಿಂದಲೇ ಮುಂದುವರಿಯಿತು.

ಯುನಿಕ್ಸ್‌ನಲ್ಲಿ ಡಿಸ್ಕ್ ತುಂಬಿದರೆ ರೈಟ್ ಕರೆ -1 ಹಿಂದಿರುಗಿಸುತ್ತದೆ, ದೋಷದ ಸಂಖ್ಯೆ ಇಡುವ ಎರ್ರ್‌ನೋದಲ್ಲಿ 'ಜಾಗವಿಲ್ಲ' ಎನ್ನುವ ಎನೋಸ್‌ಪಿಸಿ ಕೂರುತ್ತದೆ. ಅದನ್ನು ನೋಡುವುದು, ಬಿಡುವುದು ಪ್ರೋಗ್ರಾಂನ ಪಾಡು. ಇಲ್ಲಿ ಪ್ರೋಗ್ರಾಂಗೆ ತೊಂದರೆಯ ಸುಳಿವೇ ಸಿಗಲಿಲ್ಲ. ಅದರ ಪಾಲಿಗೆ ಆ ಒಂದು ರೈಟ್ ಕೆಲವು ಗಂಟೆ ತೆಗೆದುಕೊಂಡು ಯಶಸ್ವಿಯಾಯಿತು, ಅಷ್ಟೆ. ನಡುವೆ ಯಂತ್ರವೂ ಮನುಷ್ಯನೂ ಮಾತಾಡಿಕೊಂಡಿದ್ದರು. ಆ ಮಾತುಕತೆಯನ್ನು ಓದುವುದು, ಹಿಡಿಯುವುದು, ಕಳುಹಿಸುವುದು ಹೇಗೆ ಎಂಬುದೇ ಈ ಬರಹ.

ಯಂತ್ರದ ಪರಿಚಯ, ಚುಟುಕಾಗಿ

ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿರುವ ಐಬಿಎಂ ಕೇಂದ್ರದಿಂದ 1978ರಲ್ಲಿ ಸಿಸ್ಟಂ/38 ಪ್ರಕಟವಾಯಿತು. ಅದರ ವಾರಸುದಾರ ಎಎಸ್/400 ಪ್ರಕಟವಾದದ್ದು 1988ರ ಜೂನ್ 21ರಂದು. ಮೇನ್‌ಫ್ರೇಮ್‌ಗಿಂತ ಚಿಕ್ಕದು, ಮೇಜಿನ ಕಂಪ್ಯೂಟರಿಗಿಂತ ದೊಡ್ಡದು, ಹಾಗಾಗಿ ಮಿಡ್‌ರೇಂಜ್. 2000ದಲ್ಲಿ ಯಂತ್ರಕ್ಕೆ ಐಸೀರೀಸ್ ಎಂದು ಹೆಸರಿಟ್ಟರು. ಓಎಸ್/400 ಎಂದಿದ್ದ ಆಪರೇಟಿಂಗ್ ಸಿಸ್ಟಂ 2004ರಲ್ಲಿ ಐ5/ಓಎಸ್, 2008ರಲ್ಲಿ ಐಬಿಎಂ ಐ ಆಯಿತು. ಚಿತ್ರಮಂದಿರ ಹೋದರೂ ಬೆಂಗಳೂರಿನವರು ಬಸ್ ನಿಲ್ದಾಣವನ್ನು ಮೆಜೆಸ್ಟಿಕ್ ಎಂದೇ ಕರೆಯುವಂತೆ, ಕೆಲಸ ಮಾಡುವವರ ಬಾಯಲ್ಲಿ ಇದು ಇಂದಿಗೂ ಎಎಸ್/400.

ಯುನಿಕ್ಸ್‌ನಲ್ಲಿ ಎಲ್ಲವೂ ಫೈಲ್. ಇಲ್ಲಿ ಎಲ್ಲವೂ ಆಬ್ಜೆಕ್ಟ್, ಒಂದೊಂದಕ್ಕೂ ಒಂದು ಜಾತಿ. ಪ್ರೋಗ್ರಾಂ ಒಂದು ಜಾತಿ, ಮೆಸೇಜ್ ಕ್ಯೂ ಇನ್ನೊಂದು, ಮೆಸೇಜ್ ಫೈಲ್ ಮತ್ತೊಂದು. ಮೆಸೇಜ್ ಕ್ಯೂವನ್ನು ಕ್ಯಾಟ್ ಮಾಡಿ ನೋಡಲು ಬರುವುದಿಲ್ಲ. ಅದಕ್ಕೆಂದೇ ಇರುವ ಕಮಾಂಡುಗಳಿಂದಲೇ ಅದನ್ನು ಮುಟ್ಟಬೇಕು.

ಕಮಾಂಡುಗಳ ಹೆಸರು ಮೊದಲ ನೋಟಕ್ಕೆ ಬೆಚ್ಚಿಬೀಳಿಸುತ್ತದೆ, ಆದರೆ ಯುನಿಕ್ಸ್‌ಗಿಂತ ಇದೇ ಶಿಸ್ತಿನದು. ಮೊದಲು ಕ್ರಿಯೆ, ಸಾಮಾನ್ಯವಾಗಿ ಮೂರು ಅಕ್ಷರ, ಆಮೇಲೆ ವಸ್ತು. ಡಿಸ್‌ಪ್ಲೇಗೆ ಡಿ-ಎಸ್-ಪಿ, ವರ್ಕ್‌ಗೆ ಡಬ್ಲ್ಯು-ಆರ್-ಕೆ, ಸೆಂಡ್‌ಗೆ ಎಸ್-ಎನ್-ಡಿ, ರಿಸೀವ್‌ಗೆ ಆರ್-ಸಿ-ವಿ, ಮಾನಿಟರ್‌ಗೆ ಎಂ-ಒ-ಎನ್, ಚೇಂಜ್‌ಗೆ ಸಿ-ಎಚ್-ಜಿ, ಕ್ರಿಯೇಟ್‌ಗೆ ಸಿ-ಆರ್-ಟಿ. ಮೆಸೇಜ್ ಎಂದರೆ ಎಂ-ಎಸ್-ಜಿ, ಪ್ರೋಗ್ರಾಂ ಎಂದರೆ ಪಿ-ಜಿ-ಎಂ. ಹಾಗಾಗಿ ಸೆಂಡ್ ಪ್ರೋಗ್ರಾಂ ಮೆಸೇಜ್ ಎನ್ನುವುದನ್ನು ಟೈಪ್ ಮಾಡುವಾಗ ಎಸ್‌ಎನ್‌ಡಿಪಿಜಿಎಂಎಂಎಸ್‌ಜಿ. ಬಾಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ನಾನೂ ಇಲ್ಲಿ ಬಿಡಿಸಿಯೇ ಬರೆಯುತ್ತೇನೆ. ಮರೆತರೆ ಕಮಾಂಡ್ ಬರೆದು ಎಫ್4 ಒತ್ತಿ, ಅದರ ಪ್ಯಾರಾಮೀಟರುಗಳೆಲ್ಲ ಅರ್ಜಿ ನಮೂನೆಯಂತೆ ಬಿಚ್ಚಿಕೊಳ್ಳುತ್ತವೆ.

ಹೆಜ್ಜೆ 1: ಎಸ್‌ಟಿಡಿಎರ್ರ್ ಮರೆಯಿರಿ

ಯುನಿಕ್ಸ್‌ನ ದೋಷ ಸಂದೇಶ, ಎಸ್‌ಟಿಡಿಎರ್ರ್ ಎಂಬ ದೋಷಗಳ ಹೊರದಾರಿಗೆ ಬರೆಯುವುದು, ಡಂಗುರದಂತೆ. ಪ್ರೋಗ್ರಾಂ ಬೀದಿಯಲ್ಲಿ ನಿಂತು ಸಾರುತ್ತದೆ, ಕೇಳಿದವರು ಕೇಳಿದರು. ಕೇಳಬೇಕಾದವನು ಆ ಹೊತ್ತಿಗೆ ಊರಲ್ಲಿರದಿದ್ದರೆ, ಅಥವಾ ಯಾರಾದರೂ ಅದನ್ನು ಕೊಟ್ಟದ್ದನ್ನೆಲ್ಲ ನುಂಗುವ ಡೆವ್-ನಲ್‌ಗೆ ತಿರುಗಿಸಿದ್ದರೆ, ಮುಗಿಯಿತು. ಸಾರಿದ್ದು ಬರೀ ಅಕ್ಷರಗಳ ಸಾಲು. ಅದರಿಂದ ಫೈಲಿನ ಹೆಸರು ಬೇಕೆಂದರೆ ಗ್ರೆಪ್, ಸೆಡ್, ಆಕ್ ಎಂಬ ಪಠ್ಯ ಹೆಕ್ಕುವ ಸಾಧನಗಳನ್ನು ಹಿಡಿದು ಕೂರಬೇಕು.

ಐಬಿಎಂ ಐ ಕಳುಹಿಸುವುದು ಓಲೆ. ಅದಕ್ಕೆ ಕಳುಹಿಸಿದವರಿದ್ದಾರೆ, ವಿಳಾಸವಿದೆ, ಜಾತಿಯಿದೆ, ಸಂಖ್ಯೆಯಿದೆ. ಕೆಲವಕ್ಕೆ ಉತ್ತರ ಬರೆದು ಕೊಡುವ ತನಕ ಅಂಚೆಯವನು ಕದಲುವುದಿಲ್ಲ. ಪ್ರತಿ ಜಾಬ್‌ನ ಕಾಲ್ ಸ್ಟ್ಯಾಕಿನಲ್ಲಿರುವ (ಒಂದನ್ನೊಂದು ಕರೆದ ಪ್ರೋಗ್ರಾಂಗಳ ಸಾಲು) ಒಂದೊಂದು ಮೆಟ್ಟಿಲಿಗೂ ಒಂದು ಅಂಚೆಪೆಟ್ಟಿಗೆ, ಅಂದರೆ ಕಾಲ್ ಮೆಸೇಜ್ ಕ್ಯೂ, ಇರುತ್ತದೆ. ಜಾಬ್‌ಗೆ ಇಡಿಯಾಗಿ ಎಕ್ಸ್‌ಟರ್ನಲ್ ಎಂಬ ಇನ್ನೊಂದು ಪೆಟ್ಟಿಗೆಯಿದೆ. ಕರೆಸಿಕೊಂಡ ಪ್ರೋಗ್ರಾಂ ತನ್ನನ್ನು ಕರೆದ ಪ್ರೋಗ್ರಾಂನ ಪೆಟ್ಟಿಗೆಗೆ ಓಲೆ ಹಾಕುತ್ತದೆ.

ಓಲೆಯ ಒಳಗೆ ಪೂರ್ತಿ ವಾಕ್ಯ ಇರಬೇಕಾಗಿಲ್ಲ ಎನ್ನುವುದು ಮುಖ್ಯ ಸಂಗತಿ. ವಾಕ್ಯ ಮೆಸೇಜ್ ಫೈಲಿನಲ್ಲಿರುತ್ತದೆ. ಸಿಸ್ಟಂನದ್ದು ಕ್ಯುಸಿಪಿಎಫ್‌ಎಂಎಸ್‌ಜಿ ಎಂಬ ಹೆಸರಿನಲ್ಲಿ ಕ್ಯುಸಿಸ್ ಲೈಬ್ರರಿಯಲ್ಲಿದೆ (ಆಬ್ಜೆಕ್ಟುಗಳನ್ನು ಇಡುವ ಜಾಗವೇ ಲೈಬ್ರರಿ). ಅದರಲ್ಲಿ ಸಿಪಿಎಫ್9801ರ ಎದುರು 'ಲೈಬ್ರರಿ &3ರಲ್ಲಿ ಆಬ್ಜೆಕ್ಟ್ &2 ಸಿಗಲಿಲ್ಲ' ಎಂಬ ಅರ್ಥದ ಸಾಲು. ಓಲೆಯಲ್ಲಿ ಹೋಗುವುದು ಸಂಖ್ಯೆ ಮತ್ತು ಆ ಖಾಲಿ ಜಾಗಗಳನ್ನು ತುಂಬುವ ಕಚ್ಚಾ ಬೈಟುಗಳು. ಪ್ರಿಂಟ್‌ಎಫ್‌ನ ಫಾರ್ಮ್ಯಾಟ್ ಸಾಲನ್ನು ಮನೆಯಲ್ಲಿಟ್ಟು ಆರ್ಗ್ಯುಮೆಂಟುಗಳನ್ನು ಮಾತ್ರ ಅಂಚೆಗೆ ಹಾಕಿದಂತೆ. ಓದುವವನಿಗೆ ಜರ್ಮನ್ ಬೇಕೆಂದರೆ ಜರ್ಮನ್ ಮೆಸೇಜ್ ಫೈಲ್ ಇಡಿ, ಪ್ರೋಗ್ರಾಂ ಮುಟ್ಟಬೇಕಿಲ್ಲ. ಯುನಿಕ್ಸ್‌ನಲ್ಲಿ ಸಂದೇಶಗಳ ಅನುವಾದಕ್ಕೆ ಗೆಟ್‌ಟೆಕ್ಸ್ಟ್ ಬಳಸಿದವರಿಗೆ ಇದು ಹೊಸದಲ್ಲ. ಆದರೆ ಅಲ್ಲಿ ಅನುವಾದವಾದ ಮೇಲೆ ಮತ್ತೆ ಬರೀ ಅಕ್ಷರಗಳೇ ಉಳಿಯುತ್ತವೆ, ಇಲ್ಲಿ ಸಂಖ್ಯೆಯೂ ದತ್ತಾಂಶವೂ ಕೊನೆಯ ತನಕ ಬಿಡಿಬಿಡಿಯಾಗಿಯೇ ಇರುತ್ತವೆ.

ಹೆಜ್ಜೆ 2: ಸಂಖ್ಯೆ ಓದಿ

ಏಳು ಅಕ್ಷರ. ಮೊದಲ ಮೂರು ಮನೆತನ, ಉಳಿದ ನಾಲ್ಕು ಹೆಕ್ಸಾಡೆಸಿಮಲ್ ಸಂಖ್ಯೆ. ಸಿಪಿಎಫ್ ಎಂದರೆ ಕಂಟ್ರೋಲ್ ಪ್ರೋಗ್ರಾಂ ಫೆಸಿಲಿಟಿ, ಸಿಸ್ಟಂ/38ರ ಆಪರೇಟಿಂಗ್ ಸಿಸ್ಟಂನ ಹೆಸರು. ಆ ಹೆಸರು ಕಣ್ಮರೆಯಾಗಿ ದಶಕಗಳಾದರೂ ಪ್ರತಿ ದೋಷದ ತಲೆಯ ಮೇಲೆ ಕೂತಿದೆ. ಎಂಸಿಎಚ್ ಬಂದರೆ ಅದು ಯಂತ್ರದ ಮಟ್ಟದ್ದು, ಯುನಿಕ್ಸ್‌ನ ಸಿಗ್ನಲ್‌ಗಳ ಸೋದರಸಂಬಂಧಿ: ಎಂಸಿಎಚ್1211 ಸೊನ್ನೆಯಿಂದ ಭಾಗಾಕಾರ, ಎಂಸಿಎಚ್3601 ಎಲ್ಲಿಗೂ ತೋರಿಸದ ಪಾಯಿಂಟರ್. ಸಿಪಿಎ ಪ್ರಶ್ನೆ, ಸಿಪಿಸಿ ಕೆಲಸ ಮುಗಿದ ಸುದ್ದಿ, ಸಿಪಿಡಿ ರೋಗಲಕ್ಷಣದ ವಿವರ, ಸಿಪಿಐ ಬರೀ ಮಾಹಿತಿ. ಆರ್‌ಎನ್‌ಎಕ್ಸ್ ಮತ್ತು ಆರ್‌ಎನ್‌ಕ್ಯು ಆರ್‌ಪಿಜಿ ಭಾಷೆಯ ಪ್ರೋಗ್ರಾಂಗಳಿಂದ ಬರುತ್ತವೆ.

ನಮ್ಮಂಥವರಿಗೆ ಇಲ್ಲೊಂದು ಗುಪ್ತದ್ವಾರವಿದೆ: ಸಿಪಿಇ. ಇವು ಸಿ ಭಾಷೆಯ ಎರ್ರ್‌ನೋಗಳು. ಈ ಯಂತ್ರದ ಸ್ವಂತ ಸಿ ಪರಿಸರದಲ್ಲಿ, ಅಂದರೆ ಐಎಲ್‌ಇ ಸಿಯಲ್ಲಿ, ಫೈಲ್ ಇಲ್ಲ ಎನ್ನುವ ಎನೋಎಂಟ್ ಎಂದರೆ 2 ಅಲ್ಲ, 3025. ಅನುಮತಿಯಿಲ್ಲ ಎನ್ನುವ ಈಆಕ್ಸೆಸ್ 13 ಅಲ್ಲ, 3401. ಆ ಸಂಖ್ಯೆಯ ಹಿಂದೆ ಸಿಪಿಇ ಸೇರಿಸಿ ಸಿಪಿಇ3025 ಎಂದು ಡಿಸ್‌ಪ್ಲೇ ಮೆಸೇಜ್ ಡಿಸ್ಕ್ರಿಪ್ಷನ್ ಕಮಾಂಡಿಗೆ ಕೊಟ್ಟರೆ ಎರ್ರ್‌ನೋವನ್ನು ಮಾತಾಗಿಸುವ ಎಸ್‌ಟಿಆರ್‌ಎರ್ರರ್ ಹೇಳುವುದೆಲ್ಲ ಸಿಗುತ್ತದೆ. ಎರ್ರ್‌ನೋಗಳನ್ನು ಅಂಕಿಯಲ್ಲಿ ಹೋಲಿಸುವ ಕೆಟ್ಟ ಅಭ್ಯಾಸವಿದ್ದರೆ ಈ ಯಂತ್ರ ಒಂದೇ ದಿನದಲ್ಲಿ ಬಿಡಿಸುತ್ತದೆ.

ಹೆಜ್ಜೆ 3: ಜಾತಿ ನೋಡಿ

ಸಂಖ್ಯೆಗಿಂತ ಜಾತಿ ಮುಖ್ಯ. ಒಂದೇ ವಾಕ್ಯ ಬೇರೆ ಬೇರೆ ಜಾತಿಯಲ್ಲಿ ಹೋದರೆ ಪರಿಣಾಮವೇ ಬೇರೆ. (ಹೆಸರಿನ ಮುಂದಿನ * ಯಂತ್ರವೇ ಗೊತ್ತುಮಾಡಿದ ಪದದ ಗುರುತು.)

*ಎಸ್ಕೇಪ್ ಎನ್ನುವುದು ನಾವು ಎಕ್ಸೆಪ್ಷನ್ ಎನ್ನುವ ಸಾಮಾನು. ಕರೆದವರ ಪೆಟ್ಟಿಗೆಗೆ ಈ ಓಲೆ ಹಾಕಿದ ಪ್ರೋಗ್ರಾಂ ಅಲ್ಲಿಗೇ ಕೊನೆಗೊಳ್ಳುತ್ತದೆ. ಎಕ್ಸಿಟ್ ಬರೆಯುವ ಅಗತ್ಯವಿಲ್ಲ. ಇಲ್ಲಿ ಎಕ್ಸಿಟ್ ಕೋಡ್ ನೋಡುವ ಪದ್ಧತಿಯೇ ಇಲ್ಲ. ಕರೆಸಿಕೊಂಡ ಪ್ರೋಗ್ರಾಂ ಎಸ್ಕೇಪ್ ಕಳುಹಿಸದೆ ಹಿಂದಿರುಗಿದರೆ ಕೆಲಸ ಆಗಿದೆ ಎಂದರ್ಥ. ಮೌನಂ ಸಮ್ಮತಿ ಲಕ್ಷಣಂ.

*ಇನ್‌ಕ್ವೈರಿ, ನನ್ನನ್ನು ರಾತ್ರಿಯಿಡೀ ಕೂರಿಸಿದ್ದು. ಇಂಟರಾಕ್ಟಿವ್ ಜಾಬ್ ಆದರೆ ಬಳಕೆದಾರನ ಪರದೆಗೆ, ಬ್ಯಾಚ್ ಆದರೆ ಸಾಮಾನ್ಯವಾಗಿ ಕ್ಯುಸಿಸ್‌ಓಪಿಆರ್ ಎಂಬ ಆಪರೇಟರ್ ಕ್ಯೂಗೆ ಹೋಗುತ್ತದೆ. ಉತ್ತರ ಬರುವ ತನಕ ಜಾಬ್ ಎಂಎಸ್‌ಜಿಡಬ್ಲ್ಯು ಸ್ಥಿತಿಯಲ್ಲಿರುತ್ತದೆ.

*ಡಯಾಗ್ನಾಸ್ಟಿಕ್ ತಾನಾಗಿ ಏನನ್ನೂ ನಿಲ್ಲಿಸುವುದಿಲ್ಲ, ಆದರೆ ಬೆಲೆಬಾಳುವ ಮಾಹಿತಿ ಇದರಲ್ಲೇ ಇರುತ್ತದೆ. ಇಲ್ಲಿನ ಸಂಪ್ರದಾಯ ಹೀಗೆ: ತಪ್ಪುಗಳನ್ನೆಲ್ಲ ಒಂದೊಂದಾಗಿ ಡಯಾಗ್ನಾಸ್ಟಿಕ್ ಆಗಿ ಕಳುಹಿಸಿ, ಕೊನೆಗೆ ಒಂದು ಎಸ್ಕೇಪ್. ಕಮಾಂಡಿನಲ್ಲಿ ಇಲ್ಲದ ಕೀವರ್ಡ್ ಬರೆದರೆ ಮೊದಲು ಸಿಪಿಡಿ0043 ಬಂದು ಯಾವ ಕೀವರ್ಡ್ ಎಂದು ಹೇಳುತ್ತದೆ, ಆಮೇಲೆ ಸಿಪಿಎಫ್0006 ಬಂದು 'ಕಮಾಂಡಿನಲ್ಲಿ ದೋಷಗಳಿವೆ' ಎಂದಷ್ಟೇ ಹೇಳುತ್ತದೆ. ಕೊನೆಯ ಸಾಲನ್ನು ಮಾತ್ರ ಓದುವ ಯುನಿಕ್ಸ್ ರೂಢಿ ಇಲ್ಲಿ ಕೈಕೊಡುವುದು ಈ ಕಾರಣಕ್ಕೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಓದಿ.

*ಕಂಪ್ಲೀಷನ್ ಕೆಲಸವಾಯಿತು ಎನ್ನುತ್ತದೆ, *ಇನ್ಫೋ ಸುದ್ದಿ ತಿಳಿಸುತ್ತದೆ, *ಸ್ಟೇಟಸ್ ಎಕ್ಸ್‌ಟರ್ನಲ್ ಪೆಟ್ಟಿಗೆಗೆ ಹೋದಾಗ ಪರದೆಯ ತಳದ ಸಾಲಿನಲ್ಲಿ 'ವರದಿ ಸಿದ್ಧವಾಗುತ್ತಿದೆ' ಎಂಬಂಥ ಮಾತು ತೋರಿಸಿ ಮರೆಯಾಗುತ್ತದೆ. *ನೋಟಿಫೈ ದಿನನಿತ್ಯ ಎದುರಾಗುವುದಿಲ್ಲ.

ಹೆಜ್ಜೆ 4: ಜಾಬ್ ಲಾಗ್ ತೆರೆಯಿರಿ

ಓಲೆಗಳೆಲ್ಲ ಒಟ್ಟಾಗಿ ದಾಖಲಾಗುವ ಕಡತವೇ ಜಾಬ್ ಲಾಗ್. ಪ್ರತಿ ಜಾಬ್‌ಗೆ ಒಂದು, ನೀವು ಲಾಗರ್ ಬರೆಯದಿದ್ದರೂ. ಡಿಸ್‌ಪ್ಲೇ ಜಾಬ್ ಲಾಗ್ ಎಂದು ಕೊಡಿ. ಮೊದಲು ಕಾಣುವುದು ಅರ್ಧ ಸತ್ಯ. ಎಫ್10 ಒತ್ತಿದರೆ ಕೆಳಮಟ್ಟದ ಪ್ರೋಗ್ರಾಂಗಳ ಓಲೆಗಳೂ ಬರುತ್ತವೆ. ಆಮೇಲೆ ಪೇಜ್ ಅಪ್. ಹೊಸಬರಲ್ಲಿ ಬಹಳಷ್ಟು ಜನ ಎಫ್10 ಒತ್ತದೆ 'ಲಾಗ್‌ನಲ್ಲಿ ಏನೂ ಇಲ್ಲ' ಎನ್ನುತ್ತಾರೆ. ನಾನೂ ಎಂದಿದ್ದೆ.

ಒಂದು ಸಂದೇಶದ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ. ಎರಡನೆಯ ಹಂತದ ಪಠ್ಯ ತೆರೆಯುತ್ತದೆ: ಕಾರಣ ಏನು, ಪರಿಹಾರ ಏನು. ಮೊದಲ ಹಂತಕ್ಕೆ 132 ಅಕ್ಷರಗಳ ಮಿತಿ, ಎರಡನೆಯದಕ್ಕೆ 3,000. 'ಸೆಗ್ಮೆಂಟೇಷನ್ ಫಾಲ್ಟ್' ಎಂಬ ಎರಡು ಪದ ಓದಿ ಬೆಳೆದ ನಮಗೆ ಇಷ್ಟು ಸೌಜನ್ಯ ಅನುಮಾನ ಹುಟ್ಟಿಸುತ್ತದೆ. ಅಲ್ಲಿಂದ ಎಫ್9 ಒತ್ತಿದರೆ ಲಕೋಟೆಯ ಮೇಲಿನ ಬರಹ: ಯಾವ ಪ್ರೋಗ್ರಾಂ ಕಳುಹಿಸಿತು, ಯಾವುದಕ್ಕೆ, ಎಷ್ಟನೆಯ ಸಾಲಿನಿಂದ. ಡೀಬಗ್ ಮಾಡುವವನಿಗೆ ಈ ಪರದೆಯೇ ಮುಖ್ಯ. ಬೈಸಿಕೊಂಡ ಪ್ರೋಗ್ರಾಂ ಯಾವುದು ಎಂಬುದಕ್ಕಿಂತ ಬೈದದ್ದು ಯಾವುದು ಎಂಬುದರಲ್ಲಿ ಸುಳಿವು ಹೆಚ್ಚು.

ಜಾಬ್ ಸರಿಯಾಗಿ ಮುಗಿದರೆ ಅನೇಕ ಕಡೆ ಲಾಗ್ ಉಳಿಯುವುದಿಲ್ಲ, ಏಕೆಂದರೆ ಲಾಗ್ ಪ್ಯಾರಾಮೀಟರಿನಲ್ಲಿ *ನೋಲಿಸ್ಟ್ ಎಂದಿರುತ್ತದೆ. ತಪ್ಪು ಹುಡುಕುತ್ತಿರುವಾಗ ಚೇಂಜ್ ಜಾಬ್ ಕಮಾಂಡಿನಲ್ಲಿ ಲಾಗ್ ಬೆಲೆಯನ್ನು 4, 0, *ಸೆಕ್‌ಲೆವೆಲ್ ಎಂದು ಮಾಡಿ, ಲಾಗ್-ಸಿಎಲ್-ಪ್ರೋಗ್ರಾಂ *ಯೆಸ್ ಮಾಡಿ. ಮೊದಲನೆಯದರಿಂದ ಎರಡೂ ಹಂತದ ಪಠ್ಯ ಉಳಿಯುತ್ತದೆ. ಎರಡನೆಯದರಿಂದ ಓಡಿದ ಒಂದೊಂದು ಕಮಾಂಡೂ ದಾಖಲಾಗುತ್ತದೆ, ಶೆಲ್‌ನಲ್ಲಿ ಸೆಟ್ -ಎಕ್ಸ್ ಹಾಕಿದಂತೆ.

ಹೆಜ್ಜೆ 5: ಓಲೆ ಹಿಡಿಯಿರಿ

ಶೆಲ್‌ನಲ್ಲಿ ಒಂದು ಫೈಲ್ ಇದೆಯೇ ಎಂದು ನೋಡಲು ಟೆಸ್ಟ್ -ಇ. ಇಲ್ಲಿ ಸಿಎಲ್ ಎಂಬ ಈ ಯಂತ್ರದ ಕಮಾಂಡ್ ಭಾಷೆಯಲ್ಲಿ ಚೆಕ್ ಆಬ್ಜೆಕ್ಟ್. ಟೆಸ್ಟ್ -ಇ ಇಲ್ಲವೆಂದರೆ 1 ಕೊಡುತ್ತದೆ. ಫೈಲ್ ಇಲ್ಲವೋ, ಅದಿರುವ ಡೈರೆಕ್ಟರಿಯೇ ಇಲ್ಲವೋ, ಒಳಗೆ ಹೋಗಲು ನಿಮಗೆ ಅನುಮತಿಯಿಲ್ಲವೋ, ಎಲ್ಲಕ್ಕೂ ಅದೇ 1. ಚೆಕ್ ಆಬ್ಜೆಕ್ಟ್ ಹಾಗಲ್ಲ. ಆಬ್ಜೆಕ್ಟ್ ಇಲ್ಲದಿದ್ದರೆ ಸಿಪಿಎಫ್9801, ಅಧಿಕಾರವಿಲ್ಲದಿದ್ದರೆ ಸಿಪಿಎಫ್9802, ಲೈಬ್ರರಿಯೇ ಇಲ್ಲದಿದ್ದರೆ ಸಿಪಿಎಫ್9810. ಮೂರೂ ಎಸ್ಕೇಪ್.

ಹಿಡಿಯಲು ಆ ಕಮಾಂಡಿನ ಮರುಸಾಲಿನಲ್ಲೇ ಮಾನಿಟರ್ ಮೆಸೇಜ್ ಬರೆಯಿರಿ: ಸಿಪಿಎಫ್9801 ಬಂದರೆ ಹೀಗೆ ಮಾಡು. ಅದು ಆ ಒಂದು ಕಮಾಂಡಿಗೆ ಮಾತ್ರ ಅನ್ವಯ. ಪ್ರೋಗ್ರಾಂನ ಆರಂಭದಲ್ಲಿ, ಡಿಕ್ಲೇರ್‌ಗಳ ಕೆಳಗೆ ಬರೆದರೆ ಇಡೀ ಪ್ರೋಗ್ರಾಂಗೆ. ಕೊನೆಯ ಎರಡು ಅಂಕಿ ಸೊನ್ನೆಯಾದರೆ, ಅಂದರೆ ಸಿಪಿಎಫ್9800 ಎಂದರೆ, 98ರಿಂದ ಶುರುವಾಗುವ ಎಲ್ಲವನ್ನೂ ಹಿಡಿಯುತ್ತದೆ. ಸಿಪಿಎಫ್0000 ಎಂದರೆ ಸಿಪಿಎಫ್ ಮನೆತನವನ್ನೇ.

ಈ ಕೊನೆಯದರಿಂದ ನಾನು ಸುಟ್ಟುಕೊಂಡಿದ್ದೇನೆ. ಒಂದು ಕಡೆ ಪ್ರೋಗ್ರಾಂನ ತಲೆಯಲ್ಲಿ ಸಿಪಿಎಫ್0000 ಹಿಡಿದು, ಏನು ಮಾಡಬೇಕೆಂದು ಹೇಳದೆ ಬಿಟ್ಟಿದ್ದೆ. ಏನೂ ಹೇಳದಿದ್ದರೆ ಯಂತ್ರ ದೋಷವನ್ನು ನುಂಗಿ ಮುಂದಿನ ಸಾಲಿಗೆ ಹೋಗುತ್ತದೆ. 2>ಡೆವ್-ನಲ್ ಎಂದು ಬರೆದಂತೆಯೇ, ಆದರೆ ಇನ್ನೂ ಕೆಟ್ಟದ್ದು. ಡೆವ್-ನಲ್ ಮಾತನ್ನಷ್ಟೇ ನುಂಗುತ್ತದೆ. ಇದು ಸೋಲನ್ನೇ ನುಂಗುತ್ತದೆ. ಒಂದು ನಕಲು ಕಮಾಂಡ್ ಸೋತು, ಅದರ ಮುಂದಿನ ಸಾಲಿನ ಅಳಿಸುವ ಕಮಾಂಡ್ ಯಾವ ಅಡ್ಡಿಯೂ ಇಲ್ಲದೆ ಗೆದ್ದಿತು. ಬ್ಯಾಕಪ್ ಇತ್ತು, ನನ್ನ ಕೆಲಸ ಉಳಿಯಿತು. ಆಮೇಲಿನಿಂದ ಜೆನೆರಿಕ್ ಮಾನಿಟರ್ ಬರೆದರೆ ಅದರ ಜೊತೆಗೆ ದೋಷ ನಿಭಾಯಿಸುವ ಭಾಗಕ್ಕೆ ಹೋಗುವ ಗೋಟು ಬರೆಯದೆ ಮೇಲೇಳುವುದಿಲ್ಲ.

ಹಿಡಿದ ಮೇಲೆ ಓಲೆಯನ್ನು ಬಿಚ್ಚಲು ರಿಸೀವ್ ಮೆಸೇಜ್. ಜಾತಿ *ಎಕ್ಸ್‌ಸೆಪ್ ಎಂದು ಕೊಟ್ಟು, ಸಂಖ್ಯೆ, ದತ್ತಾಂಶ, ಪಠ್ಯ, ಬೇಕಾದ್ದನ್ನು ವೇರಿಯಬಲ್‌ಗೆ ಪಡೆಯಿರಿ. ಇಲ್ಲೊಂದು ಅಪಾಯವಿದೆ: ಸುಮ್ಮನಿದ್ದರೆ ಓದಿದ ಓಲೆಯನ್ನು ಈ ಕಮಾಂಡ್ ಪೆಟ್ಟಿಗೆಯಿಂದ ತೆಗೆದುಹಾಕುತ್ತದೆ, ಅದು ಜಾಬ್ ಲಾಗ್‌ನಿಂದಲೂ ಮಾಯವಾಗುತ್ತದೆ. ಸಾಕ್ಷ್ಯ ಬೇಕಿದ್ದರೆ ರಿಮೂವ್ ಪ್ಯಾರಾಮೀಟರಿಗೆ *ನೋ ಕೊಡಿ.

ಯಾರೂ ಹಿಡಿಯದಿದ್ದರೆ? ಆಗ ಫಂಕ್ಷನ್ ಚೆಕ್, ಸಿಪಿಎಫ್9999. 'ಇಂಥ ಸಂದೇಶವನ್ನು ಇಂಥ ಪ್ರೋಗ್ರಾಂ ಇಂಥ ಸಾಲಿನಲ್ಲಿ ಹಿಡಿಯಲಿಲ್ಲ' ಎಂಬ ದೂರು ಅದು. ಹೊಸ ಐಎಲ್‌ಇ ಪ್ರೋಗ್ರಾಂಗಳಲ್ಲಿ ಓಲೆ ಮೊದಲು ಕಾಲ್ ಸ್ಟ್ಯಾಕಿನ ಮೆಟ್ಟಿಲುಗಳನ್ನು ಹತ್ತುತ್ತಾ ಕಂಟ್ರೋಲ್ ಬೌಂಡರಿ ಎಂಬ ಗಡಿಯ ತನಕ ಹೋಗಿ, ಅಲ್ಲೂ ಗತಿ ಸಿಗದಿದ್ದರೆ ಮಾತ್ರ ಫಂಕ್ಷನ್ ಚೆಕ್ ಆಗುತ್ತದೆ. ಸಿ++ ಬಲ್ಲವರಿಗೆ ಪರಿಚಿತ ದಾರಿ. ಅದನ್ನೂ ಯಾರೂ ಹಿಡಿಯದಿದ್ದರೆ, ಐಎಲ್‌ಇ ಸಿಎಲ್ ಪ್ರೋಗ್ರಾಂ ಆದರೆ, ಸಿಪಿಎ0702 ಪ್ರಶ್ನೆ ಏಳುತ್ತದೆ: ಸಿ, ಡಿ, ಐ, ಆರ್. ರದ್ದು, ಡಂಪ್ ತೆಗೆದು ರದ್ದು, ಕಡೆಗಣಿಸು, ಮತ್ತೆ ಪ್ರಯತ್ನಿಸು. ಕೋರ್ ಡಂಪ್ ಆಗುವ ಮುನ್ನ ಕರ್ನಲ್ ಬಂದು 'ಆ ಸಾಲನ್ನು ಇನ್ನೊಮ್ಮೆ ಓಡಿಸಲೇ?' ಎಂದು ಕೇಳಿದರೆ ಹೇಗಿರುತ್ತದೆ, ಹಾಗೆ. ಇಲ್ಲದ ಆಬ್ಜೆಕ್ಟನ್ನು ಇನ್ನೊಂದು ಪರದೆಯಲ್ಲಿ ಸೃಷ್ಟಿಸಿ, ಇತ್ತ ಬಂದು ಆರ್ ಒತ್ತಿದ ದಿನ ಈ ಯಂತ್ರದ ಮೇಲೆ ನನಗೆ ಪ್ರೀತಿ ಹುಟ್ಟಿತು ಎನ್ನಬೇಕು.

ಲಾಗ್‌ನಲ್ಲಿ ಇವು ಸಾಲಾಗಿ ಬರುತ್ತವೆ: ಸಿಪಿಎಫ್9801, ಅದರ ಕೆಳಗೆ ಸಿಪಿಎಫ್9999, ಅದರ ಕೆಳಗೆ ಸಿಪಿಎ0702. ಮೂರು ತಪ್ಪುಗಳಲ್ಲ, ಒಂದೇ ತಪ್ಪು ಮೂರು ಬಾಯಿಗಳಲ್ಲಿ. ದುರಸ್ತಿ ಮಾಡಬೇಕಾದದ್ದು ಮೇಲಿನದ್ದನ್ನು.

ಸಿಸ್ಟಂ ಎಪಿಐಗಳನ್ನು ಕರೆಯುವಾಗ ಇನ್ನೊಂದು ಅನುಕೂಲವಿದೆ, ಯುನಿಕ್ಸ್ ಮನಸ್ಸಿಗೆ ಒಪ್ಪುವಂಥದು. ಬಹುತೇಕ ಎಪಿಐಗಳಿಗೆ ಎರರ್ ಕೋಡ್ ಎಂಬ ಸ್ಟ್ರಕ್ಚರ್ ಕೊಡಬಹುದು. ಅದರ ಮೊದಲ ನಾಲ್ಕು ಬೈಟುಗಳಲ್ಲಿ ನೀವು ಎಷ್ಟು ಜಾಗ ಕೊಟ್ಟಿದ್ದೀರಿ ಎಂದು ಬರೆಯಬೇಕು. ಸೊನ್ನೆ ಬರೆದರೆ ದೋಷ ಎಸ್ಕೇಪ್ ಆಗಿ ಬರುತ್ತದೆ. ಸಾಕಷ್ಟು ಜಾಗ ಕೊಟ್ಟರೆ ಎಸ್ಕೇಪ್ ಬರುವುದಿಲ್ಲ. ಏಳಕ್ಷರದ ಸಂಖ್ಯೆಯೂ ದತ್ತಾಂಶವೂ ಅದೇ ಸ್ಟ್ರಕ್ಚರಿನಲ್ಲಿ ಬಂದು ಕೂರುತ್ತವೆ, ಎರ್ರ್‌ನೋದಂತೆ ನೀವೇ ನೋಡಿಕೊಳ್ಳಬೇಕು. ನೋಡಲು ಮರೆಯುತ್ತೀರಿ ಎನಿಸಿದರೆ ಸೊನ್ನೆಯೇ ಇರಲಿ.

ಹೆಜ್ಜೆ 6: ನಿಮ್ಮದೇ ಓಲೆ ಬರೆಯಿರಿ

ಆತುರದ ದಾರಿ: ಸೆಂಡ್ ಪ್ರೋಗ್ರಾಂ ಮೆಸೇಜ್ ಕಮಾಂಡಿಗೆ ನೇರ ಪಠ್ಯ ಕೊಡುವುದು. ಆದರೆ ಅದು ಬರೀ ಮಾಹಿತಿಯಾಗಿ ಹೋಗುತ್ತದೆ. ಎಸ್ಕೇಪ್ ಕಳುಹಿಸಲು ಸಂಖ್ಯೆ ಬೇಕೇ ಬೇಕು, ಮನಸ್ಸಿಗೆ ಬಂದ ಸಾಲನ್ನು ಎಸೆಯಲು ಬಿಡುವುದಿಲ್ಲ. ಇದಕ್ಕೆ ಎಲ್ಲರೂ ಬಳಸುವ ಉಪಾಯ ಸಿಪಿಎಫ್9898. ಅದರ ಪಠ್ಯ ಬರೀ &1 ಮತ್ತು ಒಂದು ಪೂರ್ಣವಿರಾಮ; ಏನು ಬೇಕಾದರೂ ತುಂಬಬಹುದು. ಚಿಕ್ಕ ಕೆಲಸಕ್ಕೆ ಸಾಕು. ದೊಡ್ಡ ಅಪ್ಲಿಕೇಷನ್ನಿನ ದೋಷಗಳೆಲ್ಲ ಸಿಪಿಎಫ್9898 ಆಗಿದ್ದರೆ, ಕರೆದವರು ಯಾವುದನ್ನೆಂದು ಹಿಡಿಯಬೇಕು? ಎಲ್ಲ ಎಕ್ಸಿಟ್ ಕೋಡೂ 1 ಇಟ್ಟಂತೆ.

ಸರಿಯಾದ ದಾರಿಗೆ ಹತ್ತು ನಿಮಿಷ ಹಿಡಿಯುತ್ತದೆ. ಕ್ರಿಯೇಟ್ ಮೆಸೇಜ್ ಫೈಲ್‌ನಿಂದ ಒಂದು ಮೆಸೇಜ್ ಫೈಲ್ ಮಾಡಿ. ಆ್ಯಡ್ ಮೆಸೇಜ್ ಡಿಸ್ಕ್ರಿಪ್ಷನ್‌ನಿಂದ ಅದಕ್ಕೆ ಒಂದು ಸಂದೇಶ ಸೇರಿಸಿ. ಉದಾಹರಣೆಗೆ ಒಆರ್‌ಡಿ0001: 'ಶಾಖೆ &2ರಲ್ಲಿ ಆರ್ಡರ್ &1 ಇಲ್ಲ'. &1 ಆರು ಅಕ್ಷರ, &2 ಹತ್ತು ಅಕ್ಷರ ಎಂದು ಅದೇ ಕಮಾಂಡಿನಲ್ಲಿ ಹೇಳಿ. ಎರಡನೆಯ ಹಂತದ ಪಠ್ಯದಲ್ಲಿ ಕಾರಣ, ಪರಿಹಾರ ಬರೆಯಿರಿ; ರಾತ್ರಿ ಎರಡು ಗಂಟೆಗೆ ಎಫ್1 ಒತ್ತುವವನು ನೀವೇ ಆಗಿರಬಹುದು. ಕಳುಹಿಸುವಾಗ ಜಾತಿ *ಎಸ್ಕೇಪ್ ಎಂದು ಬರೆಯಿರಿ. ವಿಳಾಸ ಬರೆಯದಿದ್ದರೆ *ಪ್ರೀವ್, ಅಂದರೆ ಕರೆದವರಿಗೇ ಹೋಗುತ್ತದೆ.

ದತ್ತಾಂಶದಲ್ಲಿ ಅಲ್ಪವಿರಾಮವಿಲ್ಲ, ಟ್ಯಾಬ್ ಇಲ್ಲ. ಬೈಟುಗಳು ಒತ್ತೊತ್ತಾಗಿ ಕೂರುತ್ತವೆ. ಆರ್ಡರ್ ಸಂಖ್ಯೆ ನಾಲ್ಕೇ ಅಕ್ಷರದ್ದಾದರೆ ಎರಡು ಖಾಲಿ ಜಾಗ ತುಂಬಿಸಿ ಆರು ಮಾಡಲೇಬೇಕು. ಮರೆತರೆ ಶಾಖೆಯ ಹೆಸರಿನ ಮೊದಲ ಎರಡಕ್ಷರ ಆರ್ಡರ್ ಸಂಖ್ಯೆಗೆ ಅಂಟಿಕೊಳ್ಳುತ್ತವೆ. ಯಂತ್ರಕ್ಕೆ ಇದು ತಪ್ಪೆಂದೇ ಅನ್ನಿಸುವುದಿಲ್ಲ.

ಹೆಜ್ಜೆ 7: ಯುನಿಕ್ಸ್ ಅಂಗಳದಲ್ಲಿ

ಇದೇ ಯಂತ್ರದೊಳಗೆ ನಮ್ಮವರ ಎರಡು ಮನೆಗಳಿವೆ. ಪೇಸ್ ಎನ್ನುವುದು ಐಬಿಎಂನದೇ ಯುನಿಕ್ಸ್ ಆದ ಎಐಎಕ್ಸ್‌ನ ಪ್ರೋಗ್ರಾಂಗಳು ಓಡುವ ಪರಿಸರ. ಅಲ್ಲಿ ಎರ್ರ್‌ನೋ ಕೂಡ ಎಐಎಕ್ಸ್‌ನದ್ದೇ, ಎನೋಎಂಟ್ ಮತ್ತೆ 2. ಕ್ಯುಶೆಲ್ ಎಂಬ ಯುನಿಕ್ಸ್ ಮಾದರಿಯ ಶೆಲ್ ಇನ್ನೊಂದು. ಅದರಲ್ಲಿ ಸಿಸ್ಟಂ ಎಂಬ ಕಮಾಂಡಿನ ಮುಂದೆ ಐಬಿಎಂ ಐ ಕಮಾಂಡ್ ಕೊಟ್ಟರೆ ಓಲೆಗಳೆಲ್ಲ ಕರಗಿ ಎಸ್‌ಟಿಡಿಎರ್ರ್‌ನಲ್ಲಿ ಅಕ್ಷರಗಳಾಗಿ ಬರುತ್ತವೆ, ಸೋತರೆ ಎಕ್ಸಿಟ್ ಕೋಡ್ ಸೊನ್ನೆಯಲ್ಲದ್ದಾಗಿರುತ್ತದೆ. ಓಲೆ ಮತ್ತೆ ಡಂಗುರವಾಯಿತು.

ತೊಂದರೆ ವಿರುದ್ಧ ದಿಕ್ಕಿನಲ್ಲಿದೆ. ಸಿಎಲ್ ಪ್ರೋಗ್ರಾಂನಿಂದ ಸ್ಟಾರ್ಟ್ ಕ್ಯುಶೆಲ್ ಎಂದು ಶೆಲ್ ಸ್ಕ್ರಿಪ್ಟ್ ಓಡಿಸಿದಿರಿ ಎನ್ನಿ. ಸ್ಕ್ರಿಪ್ಟ್ ಎಕ್ಸಿಟ್ 1 ಎಂದು ಸೋತರೂ ಸಿಎಲ್‌ಗೆ ಬರುವುದು ಕ್ಯುಎಸ್‌ಎಚ್0005 ಎಂಬ ಕಂಪ್ಲೀಷನ್ ಓಲೆ: 'ಕಮಾಂಡ್ ಸಹಜವಾಗಿ ಮುಗಿಯಿತು, ಎಕ್ಸಿಟ್ ಸ್ಥಿತಿ 1.' ಮಾನಿಟರ್‌ಗೆ ಹಿಡಿಯಲು ಏನೂ ಸಿಗದು, ಜಾಬ್ ನಗುತ್ತಾ ಮುಂದೆ ಹೋಗುತ್ತದೆ. ಕ್ಯುಐಬಿಎಂ_ಕ್ಯುಎಸ್‌ಎಚ್_ಸಿಎಂಡಿ_ಎಸ್ಕೇಪ್_ಎಂಎಸ್‌ಜಿ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ವೈ ಕೊಟ್ಟರೆ ಸೊನ್ನೆಯಲ್ಲದ ಎಕ್ಸಿಟ್ ಕೋಡುಗಳು ಎಸ್ಕೇಪ್ ಆಗಿ ಬರುತ್ತವೆ. ಕ್ಯುಶೆಲ್ ಬಳಸುವ ಪ್ರತಿ ಸಿಎಲ್ ಪ್ರೋಗ್ರಾಂನ ಮೊದಲ ಕೆಲಸ ಇದಾಗಿರಬೇಕು.

ಗ್ರೆಪ್ ಇಲ್ಲದೆ ಕೈ ಆಡುವುದಿಲ್ಲ ಎನ್ನುವವರಿಗೆ ಎಸ್‌ಕ್ಯುಎಲ್ ಇದೆ. ಕ್ಯುಸಿಸ್2 ಲೈಬ್ರರಿಯ ಜಾಬ್‌ಲಾಗ್_ಇನ್ಫೋ ಎಂಬ ಟೇಬಲ್ ಫಂಕ್ಷನ್‌ಗೆ ಜಾಬ್ ಹೆಸರು ಕೊಟ್ಟರೆ ಲಾಗ್ ಸಾಲುಸಾಲಾಗಿ ಬರುತ್ತದೆ. ಸಂಖ್ಯೆ, ಜಾತಿ, ತೀವ್ರತೆ, ಎರಡನೆಯ ಹಂತದ ಪಠ್ಯ, ಎಲ್ಲಕ್ಕೂ ಒಂದೊಂದು ಅಂಕಣ. ಹೆಸರಿನ ಜಾಗದಲ್ಲಿ * ಕೊಟ್ಟರೆ ನಿಮ್ಮದೇ ಜಾಬ್. ಮೆಸೇಜ್_ಕ್ಯೂ_ಇನ್ಫೋ ಎಂಬುದರಿಂದ ಕ್ಯುಸಿಸ್‌ಓಪಿಆರ್‌ನಲ್ಲಿ ಕಾದಿರುವ ಪ್ರಶ್ನೆಗಳನ್ನು ಹೆಕ್ಕಬಹುದು. ನಮ್ಮ ತಂಡದಲ್ಲಿ ಇದನ್ನು ಐದು ನಿಮಿಷಕ್ಕೊಮ್ಮೆ ಓಡಿಸಿ, ಉತ್ತರವಿಲ್ಲದ ಪ್ರಶ್ನೆಯಿದ್ದರೆ ಮೊಬೈಲಿಗೆ ತಿಳಿಸುವ ಚಿಕ್ಕ ಸ್ಕ್ರಿಪ್ಟ್ ಬರೆದೆವು.

ಹೆಜ್ಜೆ 8: ಪ್ರಶ್ನೆಗಳಿಗೆ ತಾನಾಗಿ ಉತ್ತರ

ರಾತ್ರಿಯಿಡೀ ಯಾರೂ ಕೂರಲಾಗುವುದಿಲ್ಲ. ಜಾಬ್‌ನ ಇನ್‌ಕ್ವೈರಿ ಮೆಸೇಜ್ ರಿಪ್ಲೈ ಎಂಬ ಗುಣಕ್ಕೆ ಮೂರು ಬೆಲೆಗಳಿವೆ. *ಆರ್‌ಕ್ಯುಡಿ ಎಂದರೆ ಮನುಷ್ಯನೇ ಉತ್ತರಿಸಬೇಕು. *ಡಿಫ್ಟ್ ಎಂದರೆ ಸಂದೇಶದ ವಿವರಣೆಯಲ್ಲಿ ಬರೆದಿಟ್ಟ ಉತ್ತರವೇ ಹೋಗುತ್ತದೆ. *ಸಿಸ್ಟಂ ರಿಪ್ಲೈ ಲಿಸ್ಟ್ ಎಂದರೆ ಯಂತ್ರದ ಉತ್ತರಪಟ್ಟಿ ನೋಡಲಾಗುತ್ತದೆ. ಅದನ್ನು ವರ್ಕ್ ರಿಪ್ಲೈ ಲಿಸ್ಟ್ ಎಂಟ್ರೀಸ್ ಕಮಾಂಡಿನಲ್ಲಿ ತಿದ್ದಬಹುದು. ಇಂಥ ಸಂಖ್ಯೆ ಬಂದರೆ ಇಂಥ ಉತ್ತರ, ಬೇಕಿದ್ದರೆ ದತ್ತಾಂಶದಲ್ಲಿ ಇಂಥ ಪದ ಇದ್ದರೆ ಮಾತ್ರ. ಪಟ್ಟಿ ಇಡೀ ಯಂತ್ರಕ್ಕೆ ಒಂದೇ. ನಿಮ್ಮ ಜಾಬ್‌ಗಾಗಿ ಸೇರಿಸಿದ ಸಾಲು ಪಕ್ಕದ ವಿಭಾಗದ ಜಾಬ್‌ಗೂ ಉತ್ತರ ಕೊಟ್ಟೀತು. ಹಾಗಾಗಿ ಹೋಲಿಸುವ ಪದವಿಲ್ಲದ ಸಾಲನ್ನು ಸೇರಿಸಲು ನಾನು ಒಪ್ಪುವುದಿಲ್ಲ.

ಕೈ ಪಳಗಿಸಿಕೊಳ್ಳಲು ಯಂತ್ರ ಕೊಳ್ಳಬೇಕಾಗಿಲ್ಲ. ಪಬ್400 ಎಂಬ ಸಾರ್ವಜನಿಕ ಐಬಿಎಂ ಐ ಯಂತ್ರದಲ್ಲಿ ಉಚಿತವಾಗಿ ಖಾತೆ ತೆರೆಯಬಹುದು. ಅಲ್ಲಿ ಇಲ್ಲದ ಆಬ್ಜೆಕ್ಟ್ ಒಂದರ ಹೆಸರು ಕೊಟ್ಟು ಚೆಕ್ ಆಬ್ಜೆಕ್ಟ್ ಇರುವ ಮೂರು ಸಾಲಿನ ಸಿಎಲ್ ಪ್ರೋಗ್ರಾಂ ಬರೆಯಿರಿ. ಮೊದಲು ಮಾನಿಟರ್ ಇಲ್ಲದೆ ಓಡಿಸಿ, ಪ್ರಶ್ನೆ ಬಂದಾಗ ಡಿ ಕೊಟ್ಟು ಡಂಪ್ ನೋಡಿ. ಆಮೇಲೆ ಮಾನಿಟರ್ ಸೇರಿಸಿ ಓಡಿಸಿ. ಎರಡು ಸಲವೂ ಜಾಬ್ ಲಾಗ್ ತೆರೆದು, ಎಫ್10, ಎಫ್1, ಎಫ್9 ಇದೇ ಕ್ರಮದಲ್ಲಿ ಒತ್ತಿ ಹೋಲಿಸಿ.

ಇನ್ನು ಆ ರಾತ್ರಿಯ ಫೈಲು. ಸಿಪಿಎ5305ಗೆ ಉತ್ತರಪಟ್ಟಿಯಲ್ಲಿ ಐ ಎಂದು ಬರೆದಿಡೋಣ ಎಂದು ನಾನು ಸೂಚಿಸಿದೆ. ಹಿರಿಯರು ಎಫ್1 ಒತ್ತಿ ಎರಡನೆಯ ಹಂತದ ಪಠ್ಯ ಓದಲು ಹೇಳಿದರು. ಅದನ್ನು ಓದಿ, ಚೇಂಜ್ ಫಿಸಿಕಲ್ ಫೈಲ್ ಕಮಾಂಡಿನಲ್ಲಿ ಗಾತ್ರವನ್ನು *ನೋಮ್ಯಾಕ್ಸ್ ಮಾಡಿದೆ. ಆ ಜಾಬ್ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.